ಬಾರದ ಪತ್ರಕ್ಕಾಗಿ ಬರೆದ ದೂರು

ನಾನು ಹುಟ್ಟಿದ್ದು 1954ರ ನವೆಂಬರ್‌ನಲ್ಲಿ, ಹಾಸನ ಜಿಲ್ಲೆಯಲ್ಲಿ. ಮದುವೆಯಾಗಿ 1978ರಲ್ಲಿ ಇಂಗ್ಲೆಂಡಿಗೆ ಬಂದೆ. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಮಿಡ್‌ಲ್ಯಾಂಡ್ಸ್‌ನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅರ್ಧ ವೇಳೆಯ ಕೆಲಸಕ್ಕೆ ಸೇರಿದೆ. ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಕಡಿತವಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಗಂಡಸರಿಗೆ 65 ತುಂಬಿದಾಗ, ಹೆಂಗಸರಿಗೆ 60 ತುಂಬಿದಾಗ ಸರ್ಕಾರ ಪಿಂಚಣಿ ಕೊಡುತ್ತದೆ ಎಂಬುದು ಈ ದೇಶದಲ್ಲಿ ನಾನು ಮೊದಮೊದಲು ತಿಳಿದುಕೊಂಡ ಸಂಗತಿಗಳಲ್ಲಿ ಒಂದು. 1940ರಿಂದ ನಡೆದುಬಂದಿದ್ದ ಆ ವ್ಯವಸ್ಥೆಯ ಪ್ರಕಾರ ನನಗೆ ಪಿಂಚಣಿ ಬರಬೇಕಾಗಿದ್ದುದು 2014ರಲ್ಲಿ, ಬಂದದ್ದು 2020ರಲ್ಲಿ. ಆ ಆರು ವರ್ಷಗಳು ಮುಂದೆ ಹೋದದ್ದಕ್ಕಿಂತ ಹೆಚ್ಚಾಗಿ, ಅವು ಮುಂದೆ ಹೋಗಿವೆ ಎಂಬುದು ನನಗೆ ಯಾವಾಗ ತಿಳಿಯಿತು ಎಂಬುದರ ಬಗ್ಗೆ ನಾನು ಕೊಟ್ಟ ದೂರು ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ವಿಷಯ ಹೇಳಿಬಿಡುತ್ತೇನೆ. ಹೆಂಗಸರ ಪಿಂಚಣಿ ವಯಸ್ಸನ್ನು ಗಂಡಸರಿಗೆ ಸಮನಾಗಿ 65ಕ್ಕೆ ತರಬೇಕೆಂದು ಬ್ರಿಟನ್ನಿನ ಸಂಸತ್ತು 1995ರ ಪಿಂಚಣಿ ಕಾಯ್ದೆಯಲ್ಲಿ ನಿರ್ಧರಿಸಿತು. 1950ರ ಏಪ್ರಿಲ್ 6ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಅನ್ವಯವಾಗುವಂತೆ, 2010ರಿಂದ 2020ರವರೆಗೆ ಹತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುವುದು ಆ ಕಾಯ್ದೆಯ ಯೋಜನೆಯಾಗಿತ್ತು. ಆ ಪಟ್ಟಿಯ ಪ್ರಕಾರ ನನ್ನ ಪಿಂಚಣಿ 2019ರ ಜುಲೈಗೆ ಹೋಯಿತು. ಅದಾದ ಮೇಲೆ 2011ರ ಕಾಯ್ದೆ ಬಂದು, 65ರ ಗುರಿಯನ್ನು 2018ರ ನವೆಂಬರ್‌ಗೇ ಮುಟ್ಟಿಸಿ, 2020ರ ಅಕ್ಟೋಬರ್ ವೇಳೆಗೆ ಹೆಂಗಸರು ಗಂಡಸರು ಇಬ್ಬರಿಗೂ 66 ಮಾಡಿತು. ಮೊದಲಿನ ಮಸೂದೆಯಲ್ಲಿ ಕೆಲವರಿಗೆ ಈ ಎರಡನೆಯ ಏರಿಕೆಯೊಂದೇ ಎರಡು ವರ್ಷದವರೆಗೆ ಬೀಳುತ್ತಿತ್ತು. ಪ್ರತಿಭಟನೆಯಾದ ಮೇಲೆ ಅದನ್ನು ಹದಿನೆಂಟು ತಿಂಗಳಿಗೆ ಮಿತಿಗೊಳಿಸಿದರು. ನನ್ನ ತಾರೀಕು ಮತ್ತೆ ಮುಂದೆ ಹೋಗಿ 66ನೆಯ ಹುಟ್ಟುಹಬ್ಬಕ್ಕೆ, ಅಂದರೆ 2020ರ ನವೆಂಬರ್‌ಗೆ ನಿಂತಿತು. ಬರೀ ಪಿಂಚಣಿಯಲ್ಲ, ಇಂಗ್ಲೆಂಡಿನಲ್ಲಿ ಹಿರಿಯರಿಗೆ ಕೊಡುವ ಉಚಿತ ಬಸ್ ಪಾಸಿನ ವಯಸ್ಸೂ ಬಡ ವೃದ್ಧರಿಗೆ ಸಿಗುವ ಪೆನ್ಷನ್ ಕ್ರೆಡಿಟ್‌ನ ವಯಸ್ಸೂ ಹೆಂಗಸರ ಪಿಂಚಣಿ ವಯಸ್ಸಿಗೆ ಕಟ್ಟಿಕೊಂಡಿದ್ದವು. ಒಂದು ಏರಿದರೆ ಎಲ್ಲವೂ ಏರಿದಂತೆಯೇ.

ಹೆಂಗಸರಿಗೂ ಗಂಡಸರಿಗೂ ಒಂದೇ ವಯಸ್ಸು ಇರಬೇಕೆಂಬುದಕ್ಕೆ ನನ್ನ ವಿರೋಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ವಿಷಯ ಎತ್ತಿದಾಗಲೆಲ್ಲ ನಮ್ಮವರೇ ಕೆಲವರು, "ಸಮಾನತೆ ಬೇಕು ಎನ್ನುತ್ತೀರಿ, ಪಿಂಚಣಿ ಮಾತ್ರ ಐದು ವರ್ಷ ಮುಂಚೆ ಬೇಕೇ?" ಎಂದು ಕೇಳುತ್ತಾರೆ. ದೂರು ಅದಲ್ಲ. ಇಡೀ ದುಡಿಮೆಯ ಬದುಕನ್ನು ಒಂದು ತಾರೀಕಿನ ಸುತ್ತ ಕಟ್ಟಿಕೊಂಡವರಿಗೆ ಆ ತಾರೀಕು ಬದಲಾಗಿದೆಯೆಂದು ಸಕಾಲದಲ್ಲಿ ತಿಳಿಸಲಿಲ್ಲ ಎಂಬುದಷ್ಟೇ ದೂರು.

2011ರಲ್ಲಿ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ ಎಡಗಾಲು ಸ್ವಾಧೀನ ತಪ್ಪಿದ್ದವು, ಮಾತು ತೊದಲುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರನ್ನು ನೋಡಿಕೊಳ್ಳಲು ನಾನು ಆ ವರ್ಷದ ಶರತ್ಕಾಲದಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಆಗ ನನಗೆ 57 ತುಂಬುವುದರಲ್ಲಿತ್ತು. ಅಡುಗೆಮನೆಯ ಮೇಜಿನ ಮೇಲೆ ಮಗಳ ಜೊತೆ ಕುಳಿತು ಲೆಕ್ಕ ಹಾಕಿದ್ದು ಚೆನ್ನಾಗಿ ನೆನಪಿದೆ. ಕೈಯಲ್ಲಿದ್ದ ಉಳಿತಾಯದಲ್ಲಿ ಮೂರು ವರ್ಷ ಸಾಗಬೇಕು, 60ಕ್ಕೆ ಆಸ್ಪತ್ರೆಯ ಕೆಲಸದ ಸಣ್ಣ ಪಿಂಚಣಿಯೂ ಸರ್ಕಾರದ ಪಿಂಚಣಿಯೂ ಒಟ್ಟಿಗೇ ಶುರುವಾಗುತ್ತವೆ, ಆಮೇಲೆ ತೊಂದರೆಯಿಲ್ಲ. ಆಸ್ಪತ್ರೆಯ ಪಿಂಚಣಿ ಯೋಜನೆಯ ಕೈಪಿಡಿಯಲ್ಲಿ ನನ್ನಂಥ ಹಳಬರಿಗೆ ನಿವೃತ್ತಿ ವಯಸ್ಸು 60 ಎಂದೇ ಅಚ್ಚಾಗಿತ್ತು, ಅದು ಸರಿಯೂ ಆಗಿತ್ತು. ಒಂದು ಪಿಂಚಣಿಗೆ 60, ಇನ್ನೊಂದಕ್ಕೆ 66 ಎಂಬುದು ಹೇಳದೆ ಹೊಳೆಯುವ ಸಂಗತಿಯಲ್ಲ.

ಮರುವರ್ಷ, 2012ರ ವಸಂತದಲ್ಲಿ, ಕಂದು ಬಣ್ಣದ ಲಕೋಟೆಯೊಂದು ಬಂತು. ಒಳಗೆ ಪತ್ರ, ಜೊತೆಗೆ ಒಂದು ಕಿರುಹೊತ್ತಿಗೆ. ಕಾನೂನು ಬದಲಾಗಿದೆ, ನಿಮ್ಮ ಪಿಂಚಣಿ ವಯಸ್ಸು ಇನ್ನು ಮುಂದೆ 66 ಎಂಬುದು ಅದರ ಸಾರಾಂಶ. ಒಂದೇ ಪತ್ರದಲ್ಲಿ 1995ರ ಬದಲಾವಣೆಯೂ 2011ರ ಬದಲಾವಣೆಯೂ ನನಗೆ ತಲುಪಿದವು. ಹದಿನೇಳು ವರ್ಷ ಹಿಂದೆ ಆದ ಕಾನೂನಿನ ಬಗ್ಗೆ ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಹೀಗಾದದ್ದು ನನ್ನೊಬ್ಬಳಿಗಲ್ಲ ಎಂಬುದು ಆಮೇಲೆ ಗೊತ್ತಾಯಿತು. 1995ರ ಬದಲಾವಣೆಯ ಬಗ್ಗೆ ಸರ್ಕಾರ ಹೆಂಗಸರಿಗೆ ನೇರವಾಗಿ ಪತ್ರ ಬರೆಯಲು ಆರಂಭಿಸಿದ್ದೇ 2009ರ ಏಪ್ರಿಲ್‌ನಲ್ಲಿ. ಹುಟ್ಟಿದ ತಾರೀಕಿನ ಕ್ರಮದಲ್ಲಿ ಕಳುಹಿಸುತ್ತಾ ಬಂದು, ಹೊಸ ಕಾಯ್ದೆ ಬರಲಿದೆಯೆಂದು 2011ರ ಮಾರ್ಚ್‌ನಲ್ಲಿ ನಿಲ್ಲಿಸಿದರು. 1953ರ ಏಪ್ರಿಲ್ ನಂತರ ಹುಟ್ಟಿದವರ ಸರದಿ ಬರುವ ಹೊತ್ತಿಗೆ ಪತ್ರಗಳೇ ನಿಂತಿದ್ದವು. ಮತ್ತೆ ಶುರುವಾದದ್ದು 2012ರ ಜನವರಿಯಲ್ಲಿ. ನಾನು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿದ್ದು ಆ ಖಾಲಿ ಅವಧಿಯಲ್ಲಿ.

60 ತುಂಬಿದಾಗ ಆಸ್ಪತ್ರೆಯ ಸಣ್ಣ ಪಿಂಚಣಿ ಬಂತು. ಅದರಲ್ಲಿ ಮನೆ ನಡೆಯುವ ಹಾಗಿರಲಿಲ್ಲ. ಬಿಟ್ಟ ಕೆಲಸ ಮತ್ತೆ ಸಿಗಲಿಲ್ಲ. ಬೆಳಗಿನ ಹೊತ್ತು ಮಗಳು ಅಪ್ಪನನ್ನು ನೋಡಿಕೊಳ್ಳಲು ಬಂದಾಗ ನಾನು ಒಂದು ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯಲು, ಊಟ ಬಡಿಸಲು ಹೋಗುತ್ತಿದ್ದೆ. ಆ ಕೆಲಸವನ್ನು ನಾನು ಕೀಳೆಂದು ಹೇಳುತ್ತಿಲ್ಲ. ಮಂಡಿ ನೋವಿನಲ್ಲಿ ಅರವತ್ತು ದಾಟಿದ ಮೇಲೆ ಹೊಸದಾಗಿ ಹುಡುಕಿಕೊಳ್ಳಬೇಕಾಗಿ ಬಂದ ಕೆಲಸ ಅದು ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

2015ರಲ್ಲಿ ಐವರು ಹೆಂಗಸರು ಸೇರಿ ವಾಸ್ಪಿ ಎಂಬ ಚಳವಳಿ ಆರಂಭಿಸಿದರು. ಪಿಂಚಣಿ ಅಸಮಾನತೆಯ ವಿರುದ್ಧ ಮಹಿಳೆಯರು ಎಂಬುದು ಅದರ ಪೂರ್ಣ ಹೆಸರಿನ ಅರ್ಥ. ವಯಸ್ಸನ್ನು ಮತ್ತೆ 60ಕ್ಕೆ ಇಳಿಸಿ ಎಂದು ಇವರು ಕೇಳಲಿಲ್ಲ. ಸರಿಯಾಗಿ ತಿಳಿಸದೆ ಹೋದದ್ದರಿಂದ ಆದ ಅನ್ಯಾಯಕ್ಕೆ ಪರಿಹಾರ ಕೊಡಿ ಎಂದು ಕೇಳಿದರು. ಯುಗಾದಿಗೆ ಇಲ್ಲಿನ ಕನ್ನಡಿಗರೆಲ್ಲ ಸೇರಿದ್ದಾಗ ಊಟದ ಸಾಲಿನಲ್ಲಿ ಪಕ್ಕ ಕುಳಿತ ಗೆಳತಿಯೊಬ್ಬರು ನನಗೆ ಈ ವಿಷಯ ಹೇಳಿದರು. ಅವರು ನನಗಿಂತ ಒಂದು ವರ್ಷ ಚಿಕ್ಕವರು. "ಅಕ್ಕಾ, ದೂರು ಕೊಡುವುದಕ್ಕೆ ನಮೂನೆ ಪತ್ರ ಸಿದ್ಧ ಮಾಡಿಟ್ಟಿದ್ದಾರೆ. ಹೆಸರು, ತಾರೀಕು, ನಮ್ಮ ಕಥೆ ಬರೆದು ಕಳಿಸಿದರಾಯಿತು. ನೀವೂ ಕೊಡಿ," ಎಂದರು. ನಾನು ಆ ವಾರವೇ ಬರೆದೆ.

ದೂರಿನ ದಾರಿ ಉದ್ದವಾದದ್ದು. ಮೊದಲು ಪಿಂಚಣಿ ನೋಡಿಕೊಳ್ಳುವ ಸರ್ಕಾರಿ ಇಲಾಖೆಗೇ ದೂರು ಕೊಡಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಇಲಾಖೆಯ ಎರಡನೆಯ ಹಂತ. ಆಮೇಲೆ ಸ್ವತಂತ್ರ ಪ್ರಕರಣ ಪರೀಕ್ಷಕರು. ಅಲ್ಲಿಯೂ ಆಗದಿದ್ದರೆ ಸಂಸತ್ತಿನ ಒಂಬಡ್ಸ್‌ಮನ್, ಅಂದರೆ ಸರ್ಕಾರಿ ಇಲಾಖೆಗಳ ಮೇಲಿನ ದೂರುಗಳನ್ನು ತನಿಖೆ ಮಾಡುವ ಸ್ವತಂತ್ರ ಅಧಿಕಾರಿ. ಆದರೆ ಒಂಬಡ್ಸ್‌ಮನ್ ಬಳಿಗೆ ಪ್ರಜೆ ನೇರವಾಗಿ ಹೋಗುವ ಹಾಗಿಲ್ಲ, ಸಂಸದರೊಬ್ಬರ ಮೂಲಕವೇ ದೂರು ಹೋಗಬೇಕು. ಇಲಾಖೆಯಿಂದ ಬಂದ ಮೊದಲ ಉತ್ತರ ಕಾಯ್ದೆಗಳ ಇತಿಹಾಸವನ್ನು ಪುಟಗಟ್ಟಲೆ ಹೇಳಿ, ಆಗ ಕರಪತ್ರ ಹಂಚಿದ್ದೆವು, ಪತ್ರಿಕೆಗಳಲ್ಲಿ ಸುದ್ದಿ ಬಂದಿತ್ತು ಎಂದು ವಿವರಿಸಿತ್ತು. ನನಗೆ ಏಕೆ ಪತ್ರ ಬರಲಿಲ್ಲ ಎಂಬ ನನ್ನ ಪ್ರಶ್ನೆಗೆ ಅದರಲ್ಲಿ ಒಂದು ಸಾಲಿನ ಉತ್ತರವೂ ಇರಲಿಲ್ಲ. ಎರಡನೆಯ ಹಂತದ ಉತ್ತರ ಬಹುಮಟ್ಟಿಗೆ ಮೊದಲಿನದ್ದೇ ಪ್ರತಿ.

ಪರೀಕ್ಷಕರಿಗೆ ಬರೆಯುವಾಗ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಪ್ರಶ್ನೆಯೊಂದಿತ್ತು: ಮೊದಲೇ ತಿಳಿದಿದ್ದರೆ ನೀವು ಏನು ಬೇರೆ ಮಾಡುತ್ತಿದ್ದಿರಿ, ಅದಕ್ಕೆ ಆಧಾರವೇನು? ಆಗದೇ ಹೋದ ನಿರ್ಧಾರಕ್ಕೆ ರಸೀತಿ ಎಲ್ಲಿಂದ ತರುವುದು? ಆದರೂ ಯೋಚಿಸಿ ಬರೆದೆ. ತಿಳಿದಿದ್ದರೆ ರಾಜೀನಾಮೆ ಕೊಡುತ್ತಿರಲಿಲ್ಲ. ಸಂಬಳವಿಲ್ಲದ ರಜೆ ಕೇಳುತ್ತಿದ್ದೆ, ಇಲ್ಲವೇ ವಾರಕ್ಕೆ ಎರಡು ದಿನವಾದರೂ ಕೆಲಸ ಉಳಿಸಿಕೊಳ್ಳುತ್ತಿದ್ದೆ. ನಾನು ಹೊರಡುವಾಗ ನನ್ನ ಮೇಲಧಿಕಾರಿ "ದಿನ ಕಡಿಮೆ ಮಾಡಿಕೊಳ್ಳಿ, ಪೂರ್ತಿ ಬಿಡಬೇಡಿ" ಎಂದು ಹೇಳಿದ್ದರು, ಆ ಮಾತು ರಾಜೀನಾಮೆ ಅಂಗೀಕರಿಸಿದ ಪತ್ರದಲ್ಲಿಯೂ ಇದೆ. ಆ ಪತ್ರದ ಪ್ರತಿಯನ್ನು ಲಗತ್ತಿಸಿದೆ. ನನ್ನ ಬಳಿ ಅದೊಂದು ಕಾಗದವಿತ್ತು. ಹಾಗೆ ಏನೂ ಉಳಿಸಿಕೊಳ್ಳದ, ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಬಾಯಿಮಾತಿನ ಮೇಲೆ ಕೆಲಸ ಬಿಟ್ಟ ಎಷ್ಟೋ ಹೆಂಗಸರು ಏನು ಲಗತ್ತಿಸಿರಬಹುದು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಅಷ್ಟರಲ್ಲಿ ಬೇರೊಂದು ಗುಂಪಿನ ಹೆಂಗಸರು, ವಯಸ್ಸಿನ ಏರಿಕೆಯೇ ತಾರತಮ್ಯ ಎಂದು ಹೈಕೋರ್ಟಿಗೆ ಹೋಗಿದ್ದರು. 2018ರ ಕೊನೆಯಲ್ಲಿ ಆ ಮೊಕದ್ದಮೆಗೆ ಅನುಮತಿ ಸಿಕ್ಕಿದ್ದೇ ನಮ್ಮ ದೂರುಗಳ ವಿಚಾರಣೆ ನಿಂತಿತು. 2019ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು, 2020ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಂಸತ್ತು ಮಾಡಿದ ಕಾನೂನನ್ನು ನ್ಯಾಯಾಲಯ ಬದಲಿಸಲಾರದು ಎಂಬುದು ನನಗೆ ಅನಿರೀಕ್ಷಿತವಾಗಿರಲಿಲ್ಲ. ಆದರೆ ಕಾನೂನು ಸರಿಯೇ ಎಂಬುದು ಒಂದು ಪ್ರಶ್ನೆ, ಅದನ್ನು ಜನರಿಗೆ ತಿಳಿಸುವ ಕೆಲಸ ಸರಿಯಾಗಿ ಆಯಿತೇ ಎಂಬುದು ಇನ್ನೊಂದು. ಈ ಎರಡನೆಯದು ಒಂಬಡ್ಸ್‌ಮನ್ ಮುಂದೆ ಉಳಿದಿತ್ತು. ಅದೇ ನವೆಂಬರ್‌ನಲ್ಲಿ ನನಗೆ 66 ತುಂಬಿ ಪಿಂಚಣಿ ಬರಲಾರಂಭಿಸಿತು. ಆಗ ಪೂರ್ಣ ಪಿಂಚಣಿ ವಾರಕ್ಕೆ 175 ಪೌಂಡ್ 20 ಪೆನ್ಸ್. ಅದಕ್ಕೆ 35 ವರ್ಷಗಳ ವಂತಿಗೆ ಬೇಕು. ನನ್ನದು ಅಷ್ಟು ವರ್ಷ ತುಂಬದೆ ಇದ್ದುದರಿಂದ ಕಡಿಮೆಯೇ ಬಂತು.

ದೂರನ್ನು ಮುಂದಕ್ಕೆ ಒಯ್ಯಲು ನಾನು ನಮ್ಮ ಸಂಸದರ ಕಚೇರಿಗೆ ಹೋದೆ. ಇಲ್ಲಿ ಸಂಸದರು ವಾರಾಂತ್ಯಗಳಲ್ಲಿ ಕ್ಷೇತ್ರದ ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ಕುಳಿತು ಜನರ ಅಹವಾಲು ಕೇಳುತ್ತಾರೆ. ಅವರ ಸಹಾಯಕಿ ನನ್ನ ಮಗಳಿಗಿಂತ ಚಿಕ್ಕ ಹುಡುಗಿ. ನನ್ನ ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿ, ತಾರೀಕುಗಳನ್ನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದುಕೊಟ್ಟಳು. ಅಷ್ಟು ವರ್ಷಗಳಲ್ಲಿ ನನ್ನ ಕಾಗದಗಳನ್ನು ಪೂರ್ತಿಯಾಗಿ ಓದಿದರೆಂದು ನನಗೆ ಖಚಿತವಾಗಿ ಗೊತ್ತಿರುವುದು ಅವಳೊಬ್ಬಳೇ. ಒಂಬಡ್ಸ್‌ಮನ್ ಎಲ್ಲ ದೂರುಗಳನ್ನೂ ಒಂದೊಂದಾಗಿ ತನಿಖೆ ಮಾಡುವುದಿಲ್ಲ, ಆರು ಮಂದಿಯ ದೂರುಗಳನ್ನು ಮಾದರಿಯಾಗಿ ತೆಗೆದುಕೊಂಡಿದ್ದಾರೆ ಎಂದು ಅವಳೇ ತಿಳಿಸಿದಳು. ಆ ಆರರಲ್ಲಿ ನನ್ನದಿಲ್ಲ.

2021ರ ಜುಲೈನಲ್ಲಿ ಒಂಬಡ್ಸ್‌ಮನ್ ವರದಿಯ ಮೊದಲ ಭಾಗ ಹೊರಬಂತು. ನಮ್ಮ ಮಾತುಗಳನ್ನೆಲ್ಲ ಅದು ಒಪ್ಪಿಕೊಂಡಿರಲಿಲ್ಲ. 1995ರಿಂದ 2004ರವರೆಗೆ ಕೊಟ್ಟ ಮಾಹಿತಿ ಅಂದಿನ ಮಟ್ಟಕ್ಕೆ ಸಾಕಷ್ಟಿತ್ತು ಎಂದೇ ಅದು ಹೇಳಿತು. ತಪ್ಪು ಕಂಡದ್ದು ಅದರ ನಂತರದ್ದರಲ್ಲಿ. 2004ರಲ್ಲಿ ಪ್ರಕಟವಾದ ಇಲಾಖೆಯ ಸಂಶೋಧನೆಯ ಪ್ರಕಾರ, ಬದಲಾವಣೆಗೆ ಒಳಗಾದ ಹೆಂಗಸರಲ್ಲಿ ತಮ್ಮ ಪಿಂಚಣಿ ವಯಸ್ಸು 65 ಅಥವಾ 60ರಿಂದ 65ರ ನಡುವೆ ಎಂದು ಹೇಳಬಲ್ಲವರು ನೂರಕ್ಕೆ 43 ಮಾತ್ರ. ಅಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಗೊತ್ತಿಲ್ಲ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. ಗೊತ್ತಿದ್ದೂ 2005ರ ಆಗಸ್ಟ್‌ನಲ್ಲಿ ಸರಿಯಾದ ನಿರ್ಧಾರ ಮಾಡಲಿಲ್ಲ, 2006ರಲ್ಲಿ ನೇರ ಪತ್ರದ ಪ್ರಸ್ತಾವ ಬಂದ ಮೇಲೂ ಬೇಗ ಕೈ ಹಾಕಲಿಲ್ಲ. 2006ರ ಡಿಸೆಂಬರ್ ಹೊತ್ತಿಗೆ ಪತ್ರಗಳು ಹೊರಡಬೇಕಿತ್ತು. ಹೊರಟದ್ದು 28 ತಿಂಗಳು ತಡವಾಗಿ. ಇದು ಆಡಳಿತದ ಲೋಪ ಎಂದು ಒಂಬಡ್ಸ್‌ಮನ್ ತೀರ್ಮಾನಿಸಿದರು. ಆ 28 ತಿಂಗಳನ್ನು ನನಗೆ ಬಂದ ಪತ್ರದಿಂದ ಹಿಂದಕ್ಕೆ ಎಣಿಸಿದರೆ 2009ರ ಕೊನೆಗೆ ಹೋಗುತ್ತದೆ. ಆಗ ಬರುತ್ತಿದ್ದ ಪತ್ರ 66 ಎಂದು ಹೇಳುತ್ತಿರಲಿಲ್ಲ, ಆ ಕಾನೂನೇ ಹುಟ್ಟಿರಲಿಲ್ಲ. 2019ರ ಜುಲೈ ಎಂದು ಹೇಳುತ್ತಿತ್ತು. ಅಷ್ಟು ತಿಳಿದಿದ್ದರೆ ಸಾಕಿತ್ತು, 60ಕ್ಕೆ ಬರುವುದಿಲ್ಲ ಎಂಬುದು ಗೊತ್ತಿದ್ದು ನಾನು ಕೆಲಸ ಬಿಡುತ್ತಿರಲಿಲ್ಲ.

ಅಂತಿಮ ವರದಿ ಬಂದದ್ದು 2024ರ ಮಾರ್ಚ್ 21ರಂದು. ಇಲ್ಲಿ ಅನ್ಯಾಯ ಎಂದರೆ ಏನೆಂಬುದನ್ನು ಒಂಬಡ್ಸ್‌ಮನ್ ಬಿಡಿಸಿ ಹೇಳಿದ್ದನ್ನು ನಾನು ಹಲವು ಸಲ ಓದಿದೆ. ಮಾದರಿಯಾಗಿ ನೋಡಿದ ದೂರುಗಳಲ್ಲಿ ಹಣದ ನೇರ ನಷ್ಟಕ್ಕೆ ಈ ವಿಳಂಬವೇ ಕಾರಣ ಎಂದು ಅದು ಹೇಳಲಿಲ್ಲ. ತಿಳಿದು ನಿರ್ಧಾರ ಮಾಡುವ ಅವಕಾಶ ಕೈತಪ್ಪಿತು, ತಮ್ಮ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಭಾವ ಕುಗ್ಗಿತು, ಅದೇ ಆದ ಹಾನಿ ಎಂದಿತು. ಒಬ್ಬೊಬ್ಬರಿಗೆ 1,000ದಿಂದ 2,950 ಪೌಂಡ್‌ವರೆಗೆ ಪರಿಹಾರ ಸೂಕ್ತವೆಂದು ಸೂಚಿಸಿತು. ಈ ವಿಷಯದಲ್ಲಿ ಕೆಲಸ ಮಾಡುತ್ತಿದ್ದ ಸರ್ವಪಕ್ಷ ಸಂಸದೀಯ ಗುಂಪು ಕೇಳಿದ್ದು 10,000 ಪೌಂಡ್‌ಗೂ ಮೇಲಿನ ಪರಿಹಾರವನ್ನು. ನನಗೆ ಮೊತ್ತ ಸಾಲದೆನಿಸಿದರೂ ಕಾರಣವನ್ನು ಗುರುತಿಸಿದ್ದು ಸರಿಯೆನಿಸಿತು. ನಾನು ಕಳೆದುಕೊಂಡದ್ದು ಅದೇ. ಇಲಾಖೆ ತಾನಾಗಿ ಪರಿಹಾರ ಕೊಡುವ ಲಕ್ಷಣವಿಲ್ಲವೆಂದು ಒಂಬಡ್ಸ್‌ಮನ್ ಆ ವರದಿಯನ್ನು ನೇರವಾಗಿ ಸಂಸತ್ತಿನ ಮುಂದಿಟ್ಟರು.

ಅದೇ ವರ್ಷ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ನಮ್ಮ ಜೊತೆ ನಿಂತು ಫೋಟೋ ತೆಗೆಸಿಕೊಂಡವರು ಅಧಿಕಾರಕ್ಕೆ ಬಂದಿದ್ದರು. 2024ರ ಡಿಸೆಂಬರ್ 17ರಂದು ಆ ಇಲಾಖೆಯ ಮಂತ್ರಿ ಲಿಜ್ ಕೆಂಡಲ್ ಅವರು ಸಂಸತ್ತಿನಲ್ಲಿ 28 ತಿಂಗಳ ವಿಳಂಬಕ್ಕೆ ಕ್ಷಮೆ ಕೇಳಿ, ಪರಿಹಾರ ಮಾತ್ರ ಕೊಡುವುದಿಲ್ಲ ಎಂದು ಘೋಷಿಸಿದರು. 1950ರ ದಶಕದಲ್ಲಿ ಹುಟ್ಟಿದ ಹೆಂಗಸರಲ್ಲಿ ನೂರಕ್ಕೆ 90 ಮಂದಿಗೆ ವಯಸ್ಸು ಬದಲಾಗುತ್ತಿದೆಯೆಂಬುದು ಗೊತ್ತಿತ್ತು, ಕೇಳದೆ ಬಂದ ಪತ್ರವನ್ನು ಓದಿ ನೆನಪಿಟ್ಟುಕೊಳ್ಳುವವರು ನಾಲ್ವರಲ್ಲಿ ಒಬ್ಬರು ಮಾತ್ರ, ಆದ್ದರಿಂದ ಪತ್ರ ಮುಂಚೆ ಕಳುಹಿಸಿದ್ದರೂ ಹೆಚ್ಚಿನ ವ್ಯತ್ಯಾಸ ಆಗುತ್ತಿರಲಿಲ್ಲ, 1,050 ಕೋಟಿ ಪೌಂಡ್‌ವರೆಗೆ ತಗಲುವ ಯೋಜನೆಗೆ ತೆರಿಗೆದಾರರ ಹಣ ಹಾಕುವುದು ನ್ಯಾಯವಲ್ಲ ಎಂಬುದು ಸರ್ಕಾರದ ವಾದ.

ಹಣದ ಮಾತನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಬಾಧಿತರಾದ 35 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಕೊಡುವುದೆಂದರೆ ಸಣ್ಣ ವಿಷಯವಲ್ಲ. ಪತ್ರದ ಮಾತನ್ನು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಪತ್ರ ಕಳುಹಿಸುವುದೇ ನನ್ನ ವೃತ್ತಿಯಾಗಿತ್ತು. ಆಸ್ಪತ್ರೆಯಲ್ಲಿ ಒಬ್ಬ ತಜ್ಞ ವೈದ್ಯರ ಕ್ಲಿನಿಕ್ಕಿನ ದಿನ ಬದಲಾದರೆ ಆ ದಿನದ ಪಟ್ಟಿಯಲ್ಲಿದ್ದ ಪ್ರತಿಯೊಬ್ಬ ರೋಗಿಗೂ ಹೊಸ ಪತ್ರ ಹೋಗಬೇಕಿತ್ತು. ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಪತ್ರ ಹೋದ ತಾರೀಕನ್ನು ಕಡತದಲ್ಲಿ ಬರೆದು, ವಿಳಾಸ ತಪ್ಪಿ ಹಿಂತಿರುಗಿ ಬಂದವರಿಗೆ ಫೋನ್ ಮಾಡುತ್ತಿದ್ದೆವು. ಆ ಪತ್ರವೂ ರೋಗಿ ಕೇಳಿ ತರಿಸಿಕೊಂಡದ್ದಲ್ಲ. ಎಷ್ಟೋ ಮಂದಿ ಓದುತ್ತಿರಲಿಲ್ಲ, ಹಳೆಯ ದಿನಕ್ಕೇ ಬಂದು ನಿಲ್ಲುತ್ತಿದ್ದರು, ನಿಜ. ಅದಕ್ಕಾಗಿ ಪತ್ರ ಬರೆಯುವುದನ್ನೇ ಬಿಡೋಣ ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ, ಹೇಳಿದ್ದರೆ ಕೆಲಸದಲ್ಲಿ ಉಳಿಯುತ್ತಿರಲಿಲ್ಲ. ಇನ್ನು ಆ ನೂರಕ್ಕೆ 90ರ ಲೆಕ್ಕ. ವಯಸ್ಸು ಏರುತ್ತಿದೆಯಂತೆ ಎಂಬ ಸುದ್ದಿ ಕಿವಿಗೆ ಬೀಳುವುದು ಬೇರೆ. ನನ್ನ ಪಿಂಚಣಿ ಇಂಥ ತಿಂಗಳು ಬರುತ್ತದೆ ಎಂದು ಗೊತ್ತಿರುವುದು ಬೇರೆ. ಕೆಲಸ ಬಿಡುವವಳಿಗೆ ಬೇಕಾದದ್ದು ಎರಡನೆಯದು.

ಯುಗಾದಿಯ ದಿನ ನನಗೆ ವಿಷಯ ತಿಳಿಸಿದ ಗೆಳತಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಅವರು ಈಗ ಮೈಸೂರಿನಲ್ಲಿ ಮಗನ ಜೊತೆ ಇದ್ದಾರೆ. ಪಿಂಚಣಿ ಅಲ್ಲಿಗೂ ಬರುತ್ತದೆ, ಆದರೆ ಬ್ರಿಟನ್ನಿನೊಂದಿಗೆ ಅದಕ್ಕೆ ಬೇಕಾದ ಒಪ್ಪಂದ ಇಲ್ಲದ ದೇಶಗಳ ಪಟ್ಟಿಯಲ್ಲಿ ಭಾರತವೂ ಇರುವುದರಿಂದ ಇಲ್ಲಿ ವರ್ಷವರ್ಷವೂ ಆಗುವ ಏರಿಕೆ ಅವರಿಗೆ ಸಿಗುವುದಿಲ್ಲ. ಭಾರತದಲ್ಲಿ ನೆಲೆಸಿದಾಗ ಎಷ್ಟಿತ್ತೋ ಅಷ್ಟೇ ಇಂದಿಗೂ. ಅವರಿಗೆ ಪಿಂಚಣಿ ತಡವಾಗಿ ಶುರುವಾಯಿತು, ಶುರುವಾದದ್ದು ಅಲ್ಲಿಗೇ ನಿಂತಿತು. ತಮ್ಮ ದೂರಿನ ಕಾಗದಗಳನ್ನೆಲ್ಲ ಹೊರಡುವ ಮುಂಚೆ ನನ್ನ ಕೈಗೆ ಕೊಟ್ಟು, "ಅಕ್ಕಾ, ನಿಮ್ಮದರ ಜೊತೆ ಇದನ್ನೂ ನೋಡಿಕೊಳ್ಳಿ," ಎಂದಿದ್ದರು.

2025ರಲ್ಲಿ ವಾಸ್ಪಿ ಸಂಘಟನೆ ಸರ್ಕಾರದ ನಿರ್ಧಾರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ವಕೀಲರ ವೆಚ್ಚಕ್ಕೆ ಸಾವಿರಾರು ಹೆಂಗಸರು ಐದು ಹತ್ತು ಪೌಂಡ್ ಕಳುಹಿಸಿದರು, ನಾನೂ ಕಳುಹಿಸಿದೆ. ಡಿಸೆಂಬರ್‌ನಲ್ಲಿ ವಿಚಾರಣೆ ನಡೆಯಬೇಕಿತ್ತು. ಅದಕ್ಕೆ ಮುಂಚೆ, ನವೆಂಬರ್ 11ರಂದು, ಹೊಸ ಮಂತ್ರಿ ಪ್ಯಾಟ್ ಮ್ಯಾಕ್‌ಫ್ಯಾಡನ್ ಅವರು ಸಂಸತ್ತಿನಲ್ಲಿ ಎದ್ದುನಿಂತು, ಹಿಂದಿನ ನಿರ್ಧಾರ ಮಾಡುವಾಗ ಮಂತ್ರಿಯ ಮುಂದೆ ಇಟ್ಟಿರದ 2007ರ ವರದಿಯೊಂದು ಈಗ ಸಿಕ್ಕಿದೆ, ಆದ್ದರಿಂದ ನಿರ್ಧಾರವನ್ನು ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದು ಹೇಳಿದರು. ಪರಿಶೀಲನೆ ಎಂದರೆ ಪರಿಹಾರ ಕೊಟ್ಟೇ ಕೊಡುತ್ತೇವೆ ಎಂದು ಭಾವಿಸಬಾರದು ಎಂದೂ ಸೇರಿಸಿದರು. ಸರ್ಕಾರದ ಕಡತಗಳಲ್ಲಿ ಇದ್ದೇ ಇದ್ದ ಒಂದು ವರದಿ ಹದಿನೆಂಟು ವರ್ಷ ಯಾರ ಕಣ್ಣಿಗೂ ಬೀಳದೆ ಹೋಯಿತೆಂದು ಕೇಳಿದಾಗ, ಜೀವಮಾನವೆಲ್ಲ ಕಡತ ನೋಡಿಕೊಂಡವಳಾಗಿ ನನಗೆ ಸಿಟ್ಟು ಬಂತು. ನಮಗೆ ಮಾತ್ರ ಪ್ರತಿಯೊಂದು ಮಾತಿಗೂ ಆಧಾರ ಲಗತ್ತಿಸಿ ಎಂದಿದ್ದರು.

ಮರುದಿನ ಸಂಸದರ ಕಚೇರಿಗೆ ಬರೆದೆ. ಇಬ್ಬರ ದೂರುಗಳ ಸಂಖ್ಯೆ, 2011ರ ನನ್ನ ರಾಜೀನಾಮೆ ಪತ್ರ, 2012ರಲ್ಲಿ ಬಂದ ಆ ಪತ್ರ, ಎರಡರ ತಾರೀಕುಗಳೂ ಕಾಣುವಂತೆ ಪ್ರತಿ ಮಾಡಿ ಕಳುಹಿಸಿದೆ. ಪರಿಶೀಲನೆ ಎಂದರೆ ಏನನ್ನು ಪರಿಶೀಲಿಸುತ್ತಾರೆ, 28 ತಿಂಗಳ ವಿಳಂಬದಿಂದ ಯಾರಿಗೆ ಏನಾಯಿತೆಂದು ಒಬ್ಬೊಬ್ಬರನ್ನೂ ಕೇಳುತ್ತಾರೆಯೇ, ಕೇಳುವುದಾದರೆ ಕಾಗದವಿಲ್ಲದವರ ಮಾತನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಮಂತ್ರಿಗೆ ಬರಹದಲ್ಲಿ ಕೇಳಬೇಕೆಂದು ವಿನಂತಿಸಿದೆ. ಅದೇ ಸಹಾಯಕಿ ಫೋನ್ ಮಾಡಿ, ಮೂರನ್ನೂ ಹಾಗೆಯೇ ಕಳುಹಿಸುತ್ತೇವೆ, ಉತ್ತರ ಬಂದರೆ ಅದರ ಪ್ರತಿಯನ್ನು ಅಂಚೆಯಲ್ಲಿಯೇ ಕಳುಹಿಸುತ್ತೇನೆ ಎಂದಳು.